ಚಂದ್ರಕಚ್ಚಿನ ಕೊಡಲಿ ಹುಟ್ಟಿದ ವರ್ಷ

ಯಾರಾದರೂ ಹಳೆಯ ಬೇಟೆಗೊಡಲಿ ಹಿಡಿದು ಬಂದರೆ ಎವೆರ್ಟ್ ಮೊದಲು ಅದನ್ನು ನೆಕ್ಕುತ್ತಿದ್ದ. ನಾಲಿಗೆ ಚಪ್ಪರಿಸಿ, "ನಲವತ್ತೇಳು. ಅಗಸೆಯೆಣ್ಣೆ ಹಚ್ತಿದ್ದ ಕಾಲ," ಎನ್ನುತ್ತಿದ್ದ. ನಿಜವಾಗಿ ವರ್ಷ ಹೇಳುತ್ತಿದ್ದುದು ಮರದ ಕಾವು ತೂರುವ ತೂತಿನೊಳಗಿನ ಬೆಸುಗೆಯ ಗೆರೆ. ನೆಕ್ಕುವ ನೆಪದಲ್ಲಿ ಅದನ್ನು ನೋಡಿಕೊಳ್ಳುತ್ತಿದ್ದ. ಸ್ಟಾಕ್‌ಹೋಮಿನ ಸಂಗ್ರಾಹಕನೊಬ್ಬ ಮನೆಗೆ ಹೋಗಿ ತನ್ನ ಕೊಡಲಿಗಳನ್ನೆಲ್ಲ ನೆಕ್ಕಿದನಂತೆ. ಆ ಸುದ್ದಿ ಎವೆರ್ಟ್‌ಗೆ ಒಂದಿಡೀ ಚಳಿಗಾಲ ನಗಲು ಸಾಕಾಯಿತು.

ಊರಿನ ಕೊಡಲಿ ಕಾರ್ಖಾನೆಯಲ್ಲಿ ನಲವತ್ತು ವರ್ಷ ಸಾಣೆ ಹಿಡಿದವನು. ಎಪ್ಪತ್ತೆಂಟನೇ ವಯಸ್ಸಿನಲ್ಲಿ ಶ್ವಾಸಕೋಶ ಕೈಕೊಟ್ಟಿತು. ಕ್ರಿಸ್‌ಮಸ್ ಕಾಣುವುದು ಕಷ್ಟ ಎಂದರು ವೈದ್ಯರು. ಅದೇ ವಾರ ನಿವೃತ್ತ ಮೇಷ್ಟ್ರು ಸಿಕ್ಸ್ಟೆನ್ ತಮ್ಮ ಕೊಡಲಿ ಪುಸ್ತಕದ ಕರಡು ತಂದರು. ಕೊಡಲಿಯ ಬೆನ್ನಿನ ಎರಡೂ ಮೂಲೆಯಲ್ಲಿ ಅರ್ಧಚಂದ್ರದ ಕಚ್ಚಿರುವ, ಈವರೆಗೆ ಮೂರೇ ಸಿಕ್ಕಿರುವ ಮಾದರಿಯ ಪಕ್ಕದಲ್ಲಿ ಬರೆದಿತ್ತು: "1936. ದೊರೆಗಳ ಬೇಟೆಗಾಗಿ."

"ಐವತ್ತೆರಡು, ಮೇಷ್ಟ್ರೇ! ಮಾಡಿದೋನು ನಾನು. ಮಾರನೇ ದಿನ ಎಲ್ಕ್ ಜಿಂಕೆ ಬೇಟೆ. ಅವಸರದಲ್ಲಿ ಒಂದು ಮೂಲೆ ಸಾಣೆ ಪಾಲಾಯ್ತು. ಮುಚ್ಚಿಹಾಕೋಕೆ ಇನ್ನೊಂದನ್ನೂ ಕಚ್ಚಿಸ್ದೆ. ಚರ್ಮ ಸುಲಿಯೋವಾಗ ಬೆರಳಿಗೆ ಹಿಡಿತ ಸಿಗತ್ತೆ ಅಂತ ಮೇಸ್ತ್ರಿಗೆ ಬುರುಡೆ ಬಿಟ್ಟೆ. ಪುಣ್ಯಾತ್ಮ ನಂಬಿಬಿಟ್ಟ. ಇದನ್ನ ನೀನೇ ಇಟ್ಕೋ, ಈ ವಾರ ಕೂತು ಇನ್ನೂ ಹನ್ನೆರಡು ಮಾಡು ಅಂದ!"

"ಬೇಟೆ?"

"ಎಲ್ಲಿಯ ಬೇಟೆ!"

ಮೇಷ್ಟ್ರು ಕನ್ನಡಕ ತೆಗೆದರು. "ಸೋಮವಾರ ಅಚ್ಚಿಗೆ ಹೋಗತ್ತೆ. ಕೊಡಲಿ ನೆಕ್ಕೋನ ಮಾತು ನಂಬಿ ತಿದ್ದಲಾ?"

ಜೀವಮಾನವೆಲ್ಲ ಜನರನ್ನು ಮಂಗ ಮಾಡಿದ ಎವೆರ್ಟ್‌ಗೆ, ತನ್ನ ಮಾತನ್ನು ಒಬ್ಬರಾದರೂ ನಂಬಲಿ ಎಂದು ಅನಿಸಿದ್ದು ಅದೇ ಮೊದಲು. ಅವನು ಮಾಡಿದ್ದರಲ್ಲಿ ಪುಸ್ತಕಕ್ಕೆ ಏರಿದ್ದು ಆ ತಪ್ಪೊಂದೇ. ಅದೂ ದೊರೆಗಳ ಪಾಲಾಗುತ್ತಿತ್ತು.

"ಅಣ್ಣಾ, ಸೌದೆಮನೇಲಿರೋದೇನು, ಕಡಗೋಲಾ?" ಅಡುಗೆಮನೆಯಿಂದ ತಂಗಿ ಮಾಯ್ಕೆನ್ ಗದರಿದಳು. ದಿನಾ ಚಕ್ಕೆ ಸೀಳುವ ಕೊಡಲಿಯನ್ನು ತಂದು ಕಾಫಿ ಲೋಟಗಳ ನಡುವೆ ಕುಕ್ಕಿದಳು. ಒಂದು ಕಚ್ಚು ಸೊಟ್ಟ, ಆಳ, ಇನ್ನೊಂದು ನೀಟು. ಕರಡಿನ ಚಿತ್ರದಲ್ಲಿದ್ದ ಮೂರರಲ್ಲೂ ಎರಡು ಕಚ್ಚೂ ಸಮ.

"ತಪ್ಪು ಮಾಡೋನು ಅಳತೆ ನೋಡ್ತಾನಾ?" ಎಂದ ಎವೆರ್ಟ್.

ಕಾವಿನ ಮೇಲೆ, ಆ ಊರಿನ ಬೇಟೆಗಾರರೆಲ್ಲ ಕೆತ್ತುವಂತೆ, ವರ್ಷವಾರು ಹೊಡೆದ ಎಲ್ಕ್‌ಗಳ ಲೆಕ್ಕವಿತ್ತು. ಬೆವರಿಗೆ ಕಪ್ಪಾದ ಮೊದಲ ಸಾಲು: 1952, ಸೊನ್ನೆ.

ಸಿಕ್ಸ್ಟೆನ್ ಬಹಳ ಹೊತ್ತು ನೋಡಿದರು. ಆಮೇಲೆ ಗಂಭೀರವಾಗಿ ಬಗ್ಗಿ ಕೊಡಲಿಯನ್ನು ನೆಕ್ಕಿದರು.

"ಐವತ್ತೆರಡೇ," ಎಂದರು.

ಎವೆರ್ಟ್ ಕೆಮ್ಮು ಬರುವವರೆಗೂ ನಕ್ಕ.

ಪುಸ್ತಕ ಬಂದಾಗ ಅವನನ್ನು ಮಣ್ಣು ಮಾಡಿ ಹನ್ನೊಂದು ದಿನವಾಗಿತ್ತು. "1952. ಸಾಣೆಗಾರ ಎವೆರ್ಟ್ ಹೆಡ್‌ಲುಂಡ್, ಅವಸರದಲ್ಲಿ." ಮಾಯ್ಕೆನ್ ಅದನ್ನು ಎರಡು ಸಲ ಓದಿ, ಒಲೆಗೆ ಚಕ್ಕೆ ಇಲ್ಲವೆಂದು ಸೌದೆಮನೆಗೆ ಹೋದಳು. ಬರಲು ತುಂಬ ಹೊತ್ತಾಯಿತು.