ಹೊಗೆಯೆಂದು ಬಗೆದ ಮೋಡ

ಅವಳ ಮುತ್ತಜ್ಜ ಮಣ್ಣು ಮೂಸಿ ನೋಡಿಯೇ ಅದು ಇಟ್ಟಿಗೆಗೆ ಒದಗುವುದೋ ಇಲ್ಲವೋ ಹೇಳುತ್ತಿದ್ದವನು. ಅಜ್ಜ ಸುಟ್ಟ ಇಟ್ಟಿಗೆಯ ಸೇತುವೆ ಎಷ್ಟೋ ನೆರೆ ಕಂಡರೂ ಜಗ್ಗದೆ ಇಂದಿಗೂ ಬಸ್ಸು ಹೊರುತ್ತಿದೆ. ಅಜ್ಜಿಯೇನು ಕಡಿಮೆಯವಳಲ್ಲ, ಮಣ್ಣಿನ ಗುಂಡಿ ಕುಸಿದಾಗ ಒಳಗೆ ಸಿಕ್ಕಿಬಿದ್ದ ಆಳನ್ನು ಬರಿಗೈಯಲ್ಲಿ ಬಗೆದು ತೆಗೆದ ಗಟ್ಟಿಗಿತ್ತಿ. ಅಪ್ಪ ಮಾತ್ರ ನೆಲಕ್ಕಿಂತ ಆಕಾಶ ನೋಡಿದ್ದೇ ಹೆಚ್ಚು. ಬಯಲಲ್ಲಿ ಒಣಗುವ ಹಸಿ ಇಟ್ಟಿಗೆಗೆ ಮಳೆಗಿಂತ ದೊಡ್ಡ ಶತ್ರುವಿಲ್ಲವಲ್ಲ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದ: ಕುದುರೆಬಾಲದಂತೆ ಎಳೆಎಳೆಯಾಗಿರುವ ಮೋಡ ಈ ಹೊತ್ತು ಏನೂ ಮಾಡದು, ಹಿಂಜಿದ ಹತ್ತಿಯಂಥದ್ದು ಬರೀ ನೆರಳು ಕೊಟ್ಟು ಹೋಗುತ್ತದೆ, ಆ ಹತ್ತಿಯೇ ಹೂಕೋಸಿನಂತೆ ಉಬ್ಬಿ ಮೇಲೇರತೊಡಗಿದರೆ ಟಾರ್ಪಾಲು ಹುಡುಕು, ಅದರ ತಲೆ ಕಮ್ಮಾರನ ಅಡಿಗಲ್ಲಿನಂತೆ ಚಪ್ಪಟೆಯಾಗಿ ಹರಡಿತೋ, ಇಟ್ಟಿಗೆ ಬಿಡು, ಮನೆ ಸೇರು.

ಊರವರು ಅವಳನ್ನು ಮೋಡದಕ್ಕ ಎಂದದ್ದು ಸುಮ್ಮನೆ ಅಲ್ಲ. ಬಟ್ಟೆ ಒಣಹಾಕುವ ಮೊದಲು ನೆರೆಮನೆಯವರು ಅವಳ ಮುಖ ನೋಡುತ್ತಿದ್ದರು. ತಾಯಿ ತೀರಿಕೊಂಡಾಗ ಇನ್ನೂ ತೊಟ್ಟಿಲಲ್ಲಿದ್ದ ತಮ್ಮನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಇಟ್ಟಿಗೆ ಅಚ್ಚು ಹೊಡೆದು ಸಾಕಿದಳು. ಈಗ ಅವನಿಗೇ ಮೀಸೆ ನರೆತಿದೆ. ಆದರೂ ಅಕ್ಕ ಹಾಕಿದ ಗೆರೆ ದಾಟುವುದಿಲ್ಲ. ಬಾಯಿ ಮಾತ್ರ ಸುಮ್ಮನಿರದು.

ಆ ಮಧ್ಯಾಹ್ನ ಅವನ ಫೋನು ಕಿರುಚಿತು.

“ಅಕ್ಕಾ, ಗುಡುಗು ಸಿಡಿಲಿನ ಎಚ್ಚರಿಕೆ ಬಂದಿದೆ. ಬಯಲಲ್ಲಿ ಯಾರೂ ಇರಬೇಡಿ ಅಂತಿದೆ.”

“ನಿನ್ನೆನೂ ಹಿಂಗೇ ಅರಚ್ತು. ಒಂದು ಹನಿ ಬಿತ್ತಾ? ಕೂಸು ಅತ್ತಾಗೆಲ್ಲಾ ಹಸಿವಾಗಿರಲ್ಲ ಕಣೋ.”

“ಆ ಕಡೆ ಕಪ್ಪಾಗಿದೆ ನೋಡು.”

“ಅದು ಎದುರು ಇಟ್ಟಿಗೆಗೂಡಿನ ಹೊಗೆ. ಬೆಳಿಗ್ಗೆ ಹಸಿ ಸೌದೆ ತುರುಕಿ ಬೆಂಕಿ ಹಚ್ಚಿದಾನೆ ಪುಣ್ಯಾತ್ಮ. ಕೆಮ್ಮಿ ಕೆಮ್ಮಿ ನನ್ನ ಕರುಳು ಬಾಯಿಗೆ ಬಂತು.”

ಇಟ್ಟಿಗೆಯವರಿಗಲ್ಲದೆ ಬೇರೆಯವರಿಗೆ ಅಂಥ ತಪ್ಪಾಗದು. ಹುಟ್ಟಿದಾಗಿನಿಂದ ಗೂಡಿನ ಹೊಗೆಯಲ್ಲೇ ಬದುಕಿದವಳಿಗೆ ಆ ದಿಕ್ಕಿನ ಕಪ್ಪೆಲ್ಲ ಹೊಗೆಯೇ. ಅಲ್ಲದೆ ಇಟ್ಟಿಗೆ ಗೂಡಿಗೇರುವ ಮುನ್ನ ಕಾಣಬೇಕಾದ ಕೊನೆಯ ಬಿಸಿಲು ಅದು. ಕಾದ ಇಟ್ಟಿಗೆಗೆ ಹೊದಿಕೆ ಹಾಕಿದರೆ ಬೆವತು ಬಿರುಕು ಬಿಡುತ್ತದೆ. ಬೇಸಿಗೆಯಿಡೀ ಬೆನ್ನು ಬಗ್ಗಿಸಿದ ದುಡಿಮೆ ಬಯಲಲ್ಲಿ ಸಾಲುಸಾಲಾಗಿ ಬಿದ್ದಿತ್ತು. ಅದು ಕರಗಿದರೆ ಈ ವರ್ಷ ಅವಳ ಗೂಡಿಗೆ ಬೆಂಕಿಯಿಲ್ಲ.

ಸ್ವಲ್ಪ ಹೊತ್ತಿಗೆ ಗಾಳಿ ಅವಳ ಬೆನ್ನಿಗೆ ಬಡಿಯಿತು. ತಲೆಗೆ ಸುತ್ತಿದ್ದ ಬಟ್ಟೆಯ ತುದಿ ಕಪ್ಪಿನ ಕಡೆಗೇ ಹಾರಿತು. ಎದುರು ಗೂಡಿನ ಹೊಗೆಯೂ ಅತ್ತಲೇ ಬಾಗಿತು. ಆದರೆ ಅದರ ಹಿಂದಿನ ಕಪ್ಪು ಗಾಳಿಗೆ ಎದೆಕೊಟ್ಟು ಇತ್ತಲೇ ಬರುತ್ತಿತ್ತು. ಹೊಗೆ ಎಂದಾದರೂ ಗಾಳಿಯ ಮಾತು ಮೀರುವುದುಂಟೇ? ತಲೆಯೆತ್ತಿದರೆ ನೆತ್ತಿಯ ಮೇಲೆ ಅಡಿಗಲ್ಲಿನ ಅಂಚು ಚಾಚಿಕೊಂಡಿದೆ.

ಅಷ್ಟರಲ್ಲಿ ತಮ್ಮ ಟಾರ್ಪಾಲು ಎಳೆದುಕೊಂಡು ಇಟ್ಟಿಗೆಯ ಒಟ್ಟಿಲ ಮೇಲೆ ಹತ್ತಿ ನಿಂತಿದ್ದ. ಆ ಬಟ್ಟಬಯಲಲ್ಲಿ ಅವನಿಗಿಂತ ಎತ್ತರವಾಗಿದ್ದದ್ದು ಪಕ್ಕದಲ್ಲಿ ನೆಟ್ಟಿದ್ದ ಬಿದಿರಿನ ಗಳು ಒಂದೇ.

“ಇಳಿಯೋ ಕೆಳಗೆ!”

“ಇದೊಂದು ಒಟ್ಟಿಲು ಮುಚ್ಚಿಬಿಡ್ತೀನಿ ಅಕ್ಕಾ. ಎಲ್ಲಾ ಹೋದರೆ ಆಮೇಲೆ ಏನು ಸುಡ್ತೀಯ?”

“ನಿನ್ನನ್ನ ಸುಡೋ ಹಂಗಾಗೋದು ಬೇಡ. ಇಳೀತೀಯೋ, ಕಾಲು ಹಿಡಿದು ಎಳೀಲೋ?”

ಎಳೆದೇ ಬಿಟ್ಟಳು. ಇಬ್ಬರೂ ಎದ್ದುಬಿದ್ದು ಓಡಿ ಬಯಲಂಚಿನ ಕೋಣೆ ಸೇರಿ ಬಾಗಿಲು ಹಾಕಿದ್ದೇ ತಡ, ಬಾನು ಬಿರಿದಂತೆ ಸಿಡಿಲು ಬಡಿಯಿತು.

ಮಳೆ ಗುಡುಗು ಎಲ್ಲ ಅಡಗಿದ ಮೇಲೆ ಹೊರಗೆ ಬಂದರೆ ಇಟ್ಟಿಗೆಯ ಸಾಲುಗಳು ಬೆಲ್ಲದಂತೆ ಕರಗಿದ್ದವು. ಒಟ್ಟಿಲ ಪಕ್ಕದ ಗಳು ಬುಡದವರೆಗೂ ಸೀಳಿತ್ತು. ಅವಳು ಆ ಸೀಳನ್ನು ಮುಟ್ಟಿ ಮುಟ್ಟಿ ನೋಡಿದಳು. ಕೆಸರಿನತ್ತ ತಿರುಗಲೂ ಇಲ್ಲ. ತಮ್ಮನ ಫೋನು ಕಸಿದುಕೊಂಡು, “ಇದು ಕೂಗಿದ್ದು ನನಗೂ ಕೇಳ್ಬೇಕು. ಇನ್ನು ಮೇಲೆ ಇಲ್ಲೇ ಇರ್ಲಿ” ಎಂದು ಬಾಗಿಲ ಪಕ್ಕದ ಗೋಡೆಗೂಡಿನಲ್ಲಿಟ್ಟಳು.

ಮರುದಿನ ಎದುರು ಗೂಡಿನವನು ಬಂದಾಗ ಅವಳು ಮೊಣಕಾಲು ಮಟ್ಟದ ಕೆಸರು ತುಳಿಯುತ್ತಿದ್ದಳು.

“ಮೋಡದಕ್ಕ, ನನ್ನ ಆಳುಗಳನ್ನ ಕಳಿಸ್ತೀನಿ. ಮಣ್ಣು ಬಾಚಿ, ಅಚ್ಚು ಹೊಡೆದುಕೊಟ್ಟು ಬರ್ತಾರೆ.”

“ಬೇಡಪ್ಪ. ಮೋಡ ನೋಡಿ ನಿನ್ನ ಹೊಗೆ ಅಂತ ಬೈಕೊಂಡು ಕೂತವಳು ನಾನು, ಅದಕ್ಕೆ ನೀನ್ಯಾಕೆ ಹೆಗಲು ಕೊಡ್ತೀಯ? ಹೋಗಬಾರದ್ದು ಹೋಗಿಲ್ಲ, ಅಗೋ, ಅಲ್ಲಿ ಗೊಣಗ್ತಾ ನೀರು ಹೊರ್ತಿದಾನೆ. ಇನ್ನು ಮಣ್ಣು ಎಲ್ಲಿಗೂ ಓಡಿಲ್ಲ, ಇಲ್ಲೇ ಮಲಗಿದೆ. ಮಲಗಿದ್ದನ್ನ ಎಬ್ಬಿಸೋದು ನಮ್ಮ ಮನೆಯವರಿಗೆ ಗೊತ್ತು. ನೀನು ಹೋಗಿ ನಿನ್ನ ಗೂಡಿಗೆ ಒಣ ಸೌದೆ ಹಾಕು, ಹೋಗು.”