ಬಾಳಾಸಾಬ ಹುಡುಕಿದ ಆಟ
ಸದಲಗಾದ ಬಾಳಾಸಾಬನಿಗೆ ಊರಲ್ಲಿ ಯಾರೂ ಆಡದ ಆಟವೇ ಬೇಕು. ಬಜಿ ಕಟ್ಟಿಕೊಟ್ಟ ಮರಾಠಿ ಪೇಪರಿನಲ್ಲಿ ಆಟದ ಸುದ್ದಿ ಕಂಡರೆ, ಬಜಿ ತಣ್ಣಗಾದರೂ ಓದಿ ಮುಗಿಸದೆ ತಿನ್ನುವವನಲ್ಲ. ನಡಿಗೆಯ ಪಂದ್ಯವೆಂದು ಓದಿ ಸೊಂಟ ತಿರುಗಿಸುತ್ತ ಚಿಕ್ಕೋಡಿಯವರೆಗೆ ನಡೆದ. ಬಿದಿರು ಊರಿ ಜಿಗಿಯುವ ಆಟವೆಂದು ಕಾಲುವೆ ಹಾರಲು ಹೋಗಿ ನಡುನೀರಿನಲ್ಲಿ ಕುಳಿತ. ಜನ ನಕ್ಕರೆ, “ನಗ್ರಿ, ನಾಳೆ ಬ್ಯಾರೇದು ನೋಡೂಣು” ಎನ್ನುತ್ತಿದ್ದ. ಎಂಬತ್ತೆರಡನೇ ಇಸವಿಯವರೆಗೆ ಅವನು ಹೆಸರುವಾಸಿ ಪೈಲವಾನ. ಆ ವರ್ಷ ಕಬ್ಬಿನ ಗಾಣಕ್ಕೆ ಸಿಕ್ಕು ಎಡಗೈ ಮೊಣಕೈವರೆಗೆ ಹೋಯಿತು. ಕುಸ್ತಿ ನಿಂತಿತು, ಅವನು ನಿಲ್ಲಲಿಲ್ಲ; ಹೊಸ ಆಟಗಳ ಈ ಹುಡುಕಾಟ ಶುರುವಾದದ್ದೇ ಆಗ. ಮೂರು ವರ್ಷದ ಮೇಲೆ ಫೆನ್ಸಿಂಗ್ ಎಂಬ ಕತ್ತಿಯಾಟದ ಸುದ್ದಿಯನ್ನು ಹೆಂಡತಿ ಸತ್ತೆವ್ವನಿಗೆ ಓದಿ ಹೇಳಿ, ಎರಡು ತೊಗರಿಕಟ್ಟಿಗೆ ತಂದು ಒಂದನ್ನು ಅವಳಿಗೆ ಕೊಟ್ಟ. ಅವಳು ಎಡಗೈಯನ್ನು ಬೆನ್ನ ಹಿಂದೆ ಇಟ್ಟು ನಿಂತಳು. ಬಾಳಾಸಾಬನ ಮುಖ ಬಿಗಿಯಿತು. “ಕೈ ಮುಂದ ತಗಿ. ನನಗ ಕನಿಕರ ಬ್ಯಾಡ.” “ಕನಿಕರ ಎಲ್ಲೀದ್ರಿ? ಈ ಆಟಕ್ಕ ಎಲ್ಲಾರಿಗೂ ಒಂದ ಕೈ ಸಾಕಂತ ನೀವ ಓದಿದ್ರಲ್ಲ!” ಎಂದವಳೇ ಕಟ್ಟಿಗೆಯಿಂದ ಅವನೆದೆಗೆ ತಿವಿದಳು. ಬಾಳಾಸಾಬ ಒಂದು ಹೆಜ್ಜೆ ಹಿಂದೆ ಸರಿದು, ಮೂರು ವರ್ಷದಲ್ಲಿ ಮೊದಲ ಸಲ ಎದುರಾಳಿಯ ಕಣ್ಣಲ್ಲಿ ಕಣ್ಣಿಟ್ಟು ಕಾಲೂರಿ ನಿಂತ.