ಖಡ್ಗಕನ್ಯೆಯನ್ನು ಹಾರಿಸಿದವರು

ಎಲ್ಲರೂ ಚಿಕ್ಕಪ್ಪ ಎಂದು ಕರೆಯುವ ಕ್ವಾನ್ ಅವರನ್ನು ನಾನು ಮೂರು ವಾರ ಕುಂಗ್‌ಫು ಗುರು ಎಂದೇ ನಂಬಿದ್ದೆ. ಡೈಮಂಡ್ ಹಿಲ್‌ನ ನಮ್ಮ ವಸತಿ ಕಟ್ಟಡದ ಕೆಳಗಿನ ಪಾರ್ಕಿನಲ್ಲಿ ಬೆಳಗ್ಗೆ ಆರಕ್ಕೆ ಊರೆಲ್ಲ ತೈಚಿ ಮಾಡುತ್ತಿದ್ದರೆ, ಅವರೊಬ್ಬರು ಮೂಲೆಯಲ್ಲಿ ನಿಂತು ಕಾಣದ ಹಗ್ಗವೊಂದನ್ನು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಎಳೆಯುತ್ತಿದ್ದರು. ಬಲಗೈ ಕಿವಿಯ ಮಟ್ಟಕ್ಕೆ ಬಂದಾಗ ಮುಖ ಕಿವುಚಿ, ಹಲ್ಲು ಕಚ್ಚಿ, ‘ಸ್ಸ್’ ಎನ್ನುತ್ತಿದ್ದರು. ಇದು ಯಾವುದೋ ಗುಪ್ತ ಪಂಥದ ಉಸಿರಿನ ವಿದ್ಯೆ ಎಂದು ತೀರ್ಮಾನಿಸಿ, ನಾಲ್ಕು ಹೆಜ್ಜೆ ಹಿಂದೆ ನಿಂತು ನಾನೂ ಕಲಿಯತೊಡಗಿದೆ. ಮುಖ ಕಿವುಚುವುದನ್ನೂ ಬಿಡಲಿಲ್ಲ.

ನಾಲ್ಕನೆಯ ವಾರ ಅವರು ಹಿಂದಿರುಗಿ ನೋಡಿದರು.

“ನಿಂಗೂ ಭುಜ ಹೋಗಿದ್ಯಾ?”

“ಇಲ್ಲ, ಗುರುಗಳೇ.”

“ಮತ್ತೆ ಆಸ್ಪತ್ರೆಯೋರು ಹೇಳ್ಕೊಟ್ಟ ವ್ಯಾಯಾಮ ನೀನ್ಯಾಕಪ್ಪಾ ಮಾಡ್ತಿದೀಯ?”

ಆ ಮುಜುಗರ ಮುಚ್ಚಿಕೊಳ್ಳಲು ಗಂಜಿ ಕುಡಿಯೋಣ ಬನ್ನಿ ಎಂದೆ. ಅವರು ಕರೆದುಕೊಂಡು ಹೋದದ್ದು ಫಾನ್ ಅಕ್ಕನ ಅಂಗಡಿಗೆ. ಅಕ್ಕನಿಗೆ ಅರವತ್ತರ ಆಸುಪಾಸು. ಎಡಗಾಲು ಎಳೆಯುತ್ತ ನಡೆಯುತ್ತಿದ್ದರೂ ಬೆನ್ನು ಮಾತ್ರ ಒಪೆರಾ ವೇದಿಕೆಯ ಮೇಲೆ ನಿಂತಷ್ಟು ನೆಟ್ಟಗೆ. ಚಿಕ್ಕಪ್ಪ ಕೇಳದೆಯೇ ಅವರ ಬಟ್ಟಲಿಗೆ ಬೂದಿ-ಸುಣ್ಣದಲ್ಲಿ ಹುದುಗಿಸಿದ ಒಂದು ಇಡೀ ಕಪ್ಪು ಮೊಟ್ಟೆ ಬಿತ್ತು. ನನ್ನ ಬಟ್ಟಲಿಗೆ ಬೀಳಲಿಲ್ಲ.

“ನಂಗಿಲ್ವಾ ಅಕ್ಕಾ?”

“ನೀನು ಯಾವತ್ತು ನನ್ನ ಪ್ರಾಣ ಉಳಿಸಿದ್ದೆ?”

ಚಿಕ್ಕಪ್ಪ ತಲೆ ಎತ್ತಲಿಲ್ಲ. ವಿನಯ ಎಂದುಕೊಂಡೆ.

ಅವರಿಬ್ಬರೂ ಎಪ್ಪತ್ತರ ದಶಕದಲ್ಲಿ ಹತ್ತಿರದ ಒಂದು ತಗಡಿನ ಸ್ಟುಡಿಯೊದಲ್ಲಿ ದುಡಿದವರು. ಅಲ್ಲಿ ಇಪ್ಪತ್ತು ದಿನಕ್ಕೊಂದು ಖಡ್ಗವೀರರ ಮಾಯಾಚಿತ್ರ ತಯಾರಾಗುತ್ತಿತ್ತು. ನಿರ್ದೇಶಕ ಪೂನ್ ಸ್ಟುಡಿಯೊದ ಕತ್ತಲಲ್ಲೂ ಕಪ್ಪು ಕನ್ನಡಕ ತೆಗೆಯದ ಮನುಷ್ಯ. ಅಲ್ಲಿದ್ದದ್ದು ಒಂದೇ ಒಳ್ಳೆಯ ಕುರ್ಚಿ. ಚಕ್ರವರ್ತಿಯ ದೃಶ್ಯವಿದ್ದ ದಿನ ಅದು ಸಿಂಹಾಸನವಾಗುತ್ತಿತ್ತು. ಆ ದಿನ ಪೂನ್ ನಿಂತೇ ನಿರ್ದೇಶಿಸುತ್ತಿದ್ದ, ಚಕ್ರವರ್ತಿಯನ್ನು ಬೇಗ ಸಾಯಿಸುತ್ತಿದ್ದ.

ಫಾನ್ ಅಕ್ಕ ನಾಯಕಿಯ ಬದಲಿಗೆ ಹಾರುವವಳು. ಮುಖ ಕಾಣುವುದು ನಾಯಕಿಯದು, ಬೆನ್ನು ಅಕ್ಕನದು. ಬೆನ್ನಿಗೆ ಕಟ್ಟಿದ ಎರಡು ಸಣ್ಣ ಉಕ್ಕಿನ ತಂತಿಗಳು ಮಾಡಿನ ರಾಟೆಯ ಮೇಲೆ ಹಾದು ಬರುತ್ತಿದ್ದವು. ಅವುಗಳ ತುದಿಯ ಹಗ್ಗ ಹಿಡಿದು ನಾಲ್ಕು ಜನ ಅಟ್ಟಣಿಗೆಯಿಂದ ಒಟ್ಟಿಗೆ ಕೆಳಕ್ಕೆ ಜಿಗಿದರೆ, ಅಲ್ಲಿ ಅಕ್ಕ ಮೋಡಕ್ಕೆ ಏರುತ್ತಿದ್ದಳು. ಆ ನಾಲ್ವರ ಮುಖ್ಯಸ್ಥ ಕ್ವಾನ್ ಚಿಕ್ಕಪ್ಪ. ಎಂಟು ವರ್ಷ ಆಕೆಯನ್ನು ಹಾರಿಸಿದರು. ಆಕೆ ಯಾವ ದಿನ ಎಷ್ಟು ಊಟ ಮಾಡಿದ್ದಾಳೆ ಎನ್ನುವುದೂ ಕೈಗೆ ತಿಳಿಯುತ್ತಿತ್ತಂತೆ.

‘ಹದಿಮೂರು ಮೋಡಗಳ ಖಡ್ಗಕನ್ಯೆ’ ಎಂಬ ಚಿತ್ರದ ಮೊದಲ ದಿನ ಒಂದು ತಂತಿ ಹರಿಯಿತು. ಇಡೀ ಭಾರ ಇನ್ನೊಂದರ ಮೇಲೆ ಬಿತ್ತು. ಉಳಿದ ಮೂವರು ಹಗ್ಗ ಬಿಟ್ಟರು, ಚಿಕ್ಕಪ್ಪ ಬಿಡಲಿಲ್ಲ. ಭುಜ ಕಿತ್ತುಹೋಯಿತು, ಅಂಗೈಯ ಚರ್ಮ ಹಗ್ಗಕ್ಕೇ ಅಂಟಿಕೊಂಡಿತು. ಅಕ್ಕನ ಸೊಂಟ ಮುರಿಯಿತು, ಜೀವ ಉಳಿಯಿತು. ಆ ಚಿತ್ರ ಮುಗಿದ ಮೇಲೆ ಅವಳಿಗೆ ನಾಯಕಿಯ ಪಾತ್ರ ಎಂದು ಮಾತಾಗಿತ್ತು. ಮೊದಲ ಸಲ ಬೆನ್ನಿನ ಬದಲು ಮುಖ. ಅದು ಅಲ್ಲಿಗೇ ನಿಂತಿತು. ಇಷ್ಟು ಎಲ್ಲರಿಗೂ ಗೊತ್ತಿದ್ದ ಕಥೆ, ಮೊಟ್ಟೆಯ ಕಥೆ.

ಗೊತ್ತಿಲ್ಲದ್ದನ್ನು ಚಿಕ್ಕಪ್ಪ ನನಗೆ ಹೇಳಿದ್ದು ಎರಡು ವರ್ಷ ಕಳೆದ ಮೇಲೆ, ಪಾರ್ಕಿನ ಬೆಂಚಿನಲ್ಲಿ, ಬೇರೆ ಯಾರದೋ ವಿಷಯ ಹೇಳುವವರ ಹಾಗೆ.

ಚಿತ್ರದ ಮೊದಲ ದಿನವೆಂದರೆ ನಮ್ಮಲ್ಲಿ ಕ್ಯಾಮೆರಾಕ್ಕೆ ಕೆಂಪು ಬಟ್ಟೆ ಹೊದಿಸಿ, ಇಡೀ ಹಂದಿ ಸುಟ್ಟು ಮೇಜಿನ ಮೇಲಿಟ್ಟು, ಎಲ್ಲರೂ ಊದುಬತ್ತಿ ಹಿಡಿದು ನಾಲ್ಕು ದಿಕ್ಕಿಗೂ ಬಾಗುವ ದಿನ. ಆ ದಿನ ‘ಬೀಳು’, ‘ಮುರಿ’, ‘ಹರಿ’, ಯಾವ ಮಾತನ್ನೂ ಆಡಬಾರದು. ಕೈತಪ್ಪಿ ಲೋಟ ಬಿದ್ದರೆ ಯಾರೂ ನೋಡದವರ ಹಾಗೆ ಇರಬೇಕು. ಬೆಳಗ್ಗೆ ತಂತಿ ಹೊಳೆಯದಿರಲೆಂದು ಮಸಿ ಬಳಿಯುವಾಗ ಚಿಕ್ಕಪ್ಪನ ಬೆರಳಿಗೆ ಚುಚ್ಚಿತು. ನೋಡಿದರೆ, ಹೆಣೆದ ಎಳೆಗಳಲ್ಲಿ ಮೂರು ಕಿತ್ತು ಮೇಲೆದ್ದಿದ್ದವು. ಸ್ಟುಡಿಯೊದಲ್ಲಿ ಬೇರೆ ತಂತಿ ಇರಲಿಲ್ಲ. ಶುಭದಿನದಂದು ರಕ್ತವೂ ಕಾಣಬಾರದೆಂದು ಅವರು ಬೆರಳನ್ನು ಬಾಯಲ್ಲಿಟ್ಟುಕೊಂಡರು.

“ಪೂನ್ ಅವರೇ, ಇವತ್ತು ನೆಲದ ಮೇಲಿನ ದೃಶ್ಯ ತೆಗೆದ್ರೆ ಹೇಗೆ?” ಎಂದು ಕೇಳಿದರಂತೆ.

“ಮೊದಲ್ನೇ ಶಾಟಲ್ಲಿ ನಾಯಕಿ ಮೇಲೇರಿದ್ರೆ ಚಿತ್ರಾನೂ ಮೇಲೇರುತ್ತೆ. ಪಂಚಾಂಗದೋನು ಗಳಿಗೆ ಹೇಳಿದಾನೆ, ಹತ್ತೂ ಇಪ್ಪತ್ತಕ್ಕೆ. ನಿನ್ ಕೆಲಸ ಎಳೆಯೋದು, ಯೋಚನೆ ಮಾಡೋದಲ್ಲ.”

ಕಾರಣ ಹೇಳಬೇಕಾದರೆ ಆಡಬಾರದ ಆ ಮಾತನ್ನೇ ಆಡಬೇಕು. ಸುತ್ತಲೂ ಐವತ್ತು ಜನ ಊದುಬತ್ತಿ ಹಿಡಿದು ನಿಂತಿದ್ದಾರೆ. ಆಡಿದರೆ, ಮುಂದೆ ಚಿತ್ರ ಮಕಾಡೆ ಮಲಗಿದ ದಿನ ಎಲ್ಲರೂ ಬೆರಳು ತೋರಿಸುವುದು ಅವರ ಕಡೆಗೆ. ಆಮೇಲೆ ಯಾವ ಸ್ಟುಡಿಯೊದವರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಒಂದೇ ಶಾಟ್ ತಾನೇ, ಆಮೇಲೆ ಬದಲಿಸಿದರಾಯಿತು ಎಂದುಕೊಂಡರು. ಆ ಹೊತ್ತಿಗೆ ಅಕ್ಕ ಸೊಂಟಕ್ಕೆ ಪಟ್ಟಿ ಬಿಗಿಸಿಕೊಳ್ಳುತ್ತ, “ಕ್ವಾನ್ ಅಣ್ಣಾ, ಇವತ್ತು ಸ್ವಲ್ಪ ಹೆಚ್ಚೇ ಎತ್ತು, ನಂಗೆ ಒಳ್ಳೇದಾಗ್ಲಿ” ಎಂದಳಂತೆ. ಹೆಚ್ಚೇ ಎತ್ತಿದರು.

ಪೂನ್ ಏನನ್ನೂ ಪೋಲು ಮಾಡುವವನಲ್ಲ. ಅಕ್ಕ ಬಿದ್ದ ಶಾಟನ್ನೂ ಇಟ್ಟುಕೊಂಡ. ಖಳನ ಅಂಗೈಯಿಂದ ಹೊರಟ ಮಿಂಚು ತಗುಲಿ ನಾಯಕಿ ಬಿದ್ದಳು ಎಂದು ಕಥೆ ತಿದ್ದಿದ. ಫಿಲ್ಮಿನ ಮೇಲೆ ಸೂಜಿಯಿಂದ ಗೀಚಿ ಗೀಚಿ ಮಿಂಚು ಬರೆಸಿದ. ಚಿಕ್ಕಪ್ಪ ಆ ಚಿತ್ರ ನೋಡಿರಲಿಲ್ಲ.

ಮೂವತ್ತೈದು ವರ್ಷದ ಮೇಲೆ ನೋಡಬೇಕಾಗಿ ಬಂತು. ಒಂದು ಕಾಲೇಜಿನ ಸಿನಿಮಾ ಸಂಘದವರು ಹಳೆಯ ಡಬ್ಬಗಳಲ್ಲಿ ಅದನ್ನು ಹುಡುಕಿ ತೆಗೆದು, ಇಬ್ಬರನ್ನೂ ಅತಿಥಿಗಳೆಂದು ಕರೆದರು. ನಾನೂ ಬಾಲದ ಹಾಗೆ ಹೋದೆ. ರಟ್ಟಿನ ಬಂಡೆ ಅಲುಗಿದಾಗ, ರಾಕ್ಷಸನ ಗಡ್ಡ ಕಳಚಿದಾಗ ಕಾಲೇಜಿನ ಹುಡುಗರು ಬಿದ್ದು ಬಿದ್ದು ನಕ್ಕರು. ಮಿಂಚಿನ ದೃಶ್ಯ ಬಂದಾಗ ಎದ್ದು ನಿಂತು ಚಪ್ಪಾಳೆ ಹೊಡೆದರು. ಫಾನ್ ಅಕ್ಕ ಚಿಕ್ಕಪ್ಪನ ಪಕ್ಕೆ ತಿವಿದಳು.

“ನೋಡು, ಕೂದಲು ಹಾರಿತಲ್ಲ, ನನ್ ಮುಖ ಕಾಣುತ್ತೆ. ನಾನು ಹಾರಿದ ಇಷ್ಟೂ ಚಿತ್ರಗಳಲ್ಲಿ ಅದೊಂದೇ ಸಲ. ಚೆನ್ನಾಗಿದ್ದೆ ಅಲ್ವಾ?”

ಚಿಕ್ಕಪ್ಪ ಪರದೆಯನ್ನೇ ನೋಡುತ್ತಿದ್ದರು. ಆ ಮುಖದಲ್ಲಿ ಇದ್ದದ್ದು ಭಯವಲ್ಲ, ಆಶ್ಚರ್ಯ. ಹಗ್ಗ ಹಿಡಿದವನ ಮೇಲೆ ಎಂಟು ವರ್ಷ ನಂಬಿಕೆ ಇಟ್ಟವಳ ಆಶ್ಚರ್ಯ. ನನಗೇ ಅದು ಕಂಡಿತೆಂದ ಮೇಲೆ ಅವರಿಗೆ ಕಾಣದೆ ಇರುತ್ತದೆಯೇ.

ಮರುದಿನ ಬೆಳಗ್ಗೆ ಗಂಜಿಯ ಬಟ್ಟಲು ಮುಂದೆ ಬಂದಾಗ ಅವರು ಚಮಚ ಮುಟ್ಟಲಿಲ್ಲ.

“ಫಾನ್, ತಂತಿ ಹೋಗಿರೋದು ನಂಗೆ ಬೆಳಗ್ಗೇನೇ ಗೊತ್ತಿತ್ತು.”

ಅಕ್ಕ ಸೌಟು ಹಿಡಿದೇ ನಿಂತಳು. “ಯಾವ ಬೆಳಗ್ಗೆ?”

“ಹಂದಿ ಇಟ್ಟಿದ್ದ ಬೆಳಗ್ಗೆ. ಶುಭದಿನ ಅಂತ ಬಾಯಿ ಬಿಡಲಿಲ್ಲ.”

ಪಕ್ಕದ ಮೇಜಿನವರು ಶುಂಠಿ ಕೇಳುತ್ತಿದ್ದರು. ಅಕ್ಕ ಅವರಿಗೆ ಶುಂಠಿ ಕೊಟ್ಟು, ಮೇಜು ಒರೆಸಿ ಬಂದಳು.

“ಮೂವತ್ತೈದು ವರ್ಷ ಮೊಟ್ಟೆ ತಿಂದ್ಯಲ್ಲೋ. ಒಂದು ದಿನಾನೂ ಗಂಟ್ಲಲ್ಲಿ ಸಿಕ್ಕಿಕೊಳ್ಳಲಿಲ್ವಾ?”

“ದಿನಾ ಸಿಕ್ಕಿಕೊಳ್ತಿತ್ತು.”

“ನನ್ ಕಿವೀಲಿ ಹೇಳ್ಬೇಕಿತ್ತು. ನಾನೇನು ದೇವ್ರಿಗೆ ದೂರು ಕೊಡ್ತಿದ್ನಾ?” ಎಂದು ಕಾಲೆಳೆಯುತ್ತ ಒಳಗೆ ಹೋದವಳು ನಾವು ಏಳುವವರೆಗೂ ಹೊರಗೆ ಬರಲಿಲ್ಲ.

ಅದಾದ ಮೇಲೂ ಚಿಕ್ಕಪ್ಪ ದಿನಾ ಹೋಗುತ್ತಾರೆ. ಗಂಜಿ ಬರುತ್ತದೆ, ಬರಿ ಗಂಜಿ. ಅಕ್ಕ ಬಟ್ಟಲಿಟ್ಟು ಪಕ್ಕದ ಮೇಜಿಗೆ ತಿರುಗುತ್ತಾಳೆ. ಮಾತಿಲ್ಲ, ಬೈಗುಳವೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಅನ್ನಿಸುತ್ತಿದೆ ಎನ್ನುವುದು ನನ್ನ ಊಹೆ. ಪತ್ರಿಕೆಗೆ ಅಂಕಣ ಬರೆಯುವವನಾದ್ದರಿಂದ ನನಗೆ ಊಹೆಗಳು ಜಾಸ್ತಿ. ಹಾಗಾಗಿ ಮೊನ್ನೆ ಪಾರ್ಕಿನಲ್ಲಿ, ಅವರು ಕೈ ಎತ್ತಿ ‘ಸ್ಸ್’ ಎಂದ ಹೊತ್ತಿನಲ್ಲಿ, ಕೇಳಿಯೇಬಿಟ್ಟೆ.

“ಹೇಳ್ಕೊಂಡ ಮೇಲೆ ಮನಸ್ಸು ಹಗುರಾಯ್ತಾ, ಚಿಕ್ಕಪ್ಪಾ?”

“ಅವಳ ಕಾಲು ನೆಟ್ಟಗಾಯ್ತಾ?” ಎಂದರು.